ಏಜೆಂಟ್‌ಗೆ ಕ್ಲೌಡ್ ಖಾತೆ ಜೋಡಿಸುವ ಮುನ್ನ

ಸದಸ್ಯರ ಗಮನಕ್ಕೆ,

ಎಐ ಏಜೆಂಟನ್ನು (ನಮ್ಮ ಪರವಾಗಿ ತಾನೇ ಕಮಾಂಡ್ ಚಲಾಯಿಸುವ ಎಐ ಸಾಧನ) ಕಮಾಂಡ್ ಲೈನ್ ಮೂಲಕ ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್ ಖಾತೆಗೆ ಜೋಡಿಸುವವರು, ಅದು ಟರ್ಮಿನಲ್‌ನಲ್ಲಿ ಚಲಾಯಿಸುವ ಪ್ರತಿಯೊಂದು ಕಮಾಂಡ್ ಕೂಡ ಅಲ್ಲಿ ಲಾಗಿನ್ ಆಗಿರುವವರ ಅಧಿಕಾರದಲ್ಲೇ ನಡೆಯುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ನೀವು ಅಡ್ಮಿನ್ ಆಗಿದ್ದರೆ ಏಜೆಂಟೂ ಅಡ್ಮಿನ್. ಆದ್ದರಿಂದ ಅದಕ್ಕೆಂದೇ ಓದುವ ಅನುಮತಿ ಮಾತ್ರವಿರುವ ರೋಲ್ (ನಿಗದಿತ ಅನುಮತಿಗಳಿರುವ ಗುರುತು) ಒಂದನ್ನು ರಚಿಸಿ, ಕಮಾಂಡ್ ಲೈನ್‌ನ ಸೆಟ್ಟಿಂಗ್‌ಗಳಲ್ಲಿ ಬೇರೆ ಪ್ರೊಫೈಲ್ ಹೆಸರಿನಲ್ಲಿ ಇಡಿ.

‘ಎಡಬ್ಲ್ಯೂಎಸ್ ಕಾನ್ಫಿಗರ್’ ಕಮಾಂಡ್‌ಗೆ ಕೊಟ್ಟ ಕೀ (ಖಾತೆಗೆ ಪ್ರವೇಶ ಕೊಡುವ ಅಕ್ಷರಸಾಲು) ಹೋಮ್ ಫೋಲ್ಡರಿನ ಕ್ರೆಡೆನ್ಶಿಯಲ್ಸ್ ಫೈಲಿನಲ್ಲಿ ಸಾದಾ ಅಕ್ಷರಗಳಲ್ಲೇ ಉಳಿಯುತ್ತದೆ. ನಿಮ್ಮ ಫೈಲುಗಳನ್ನು ಓದಬಲ್ಲ ಏಜೆಂಟ್ ಅದನ್ನೂ ಓದಬಲ್ಲದು. ಕೀಯ ಐಡಿಯ ಮೊದಲ ನಾಲ್ಕು ಅಕ್ಷರಗಳನ್ನು ನೋಡಿ: ಎ-ಕೆ-ಐ-ಎ ಎಂದಿದ್ದರೆ ಅದು ರದ್ದುಪಡಿಸುವವರೆಗೂ ಚಾಲ್ತಿಯಲ್ಲಿರುವ ಕೀ, ಎ-ಎಸ್-ಐ-ಎ ಎಂದಿದ್ದರೆ ತಾತ್ಕಾಲಿಕ. ಎರಡನೆಯದನ್ನೇ ಬಳಸಿ. ಅಸ್ಯೂಮ್-ರೋಲ್ (ರೋಲ್ ಒಂದರ ಅನುಮತಿಯನ್ನು ತಾತ್ಕಾಲಿಕವಾಗಿ ಪಡೆಯುವ ಕಮಾಂಡ್) ಮೂಲಕ ಪಡೆದ ಕೀಯ ಅವಧಿ, ನಾವು ಬೇರೆ ಹೇಳದಿದ್ದರೆ, 1 ಗಂಟೆ. ಕೆಲಸದ ನಡುವೆ ಅದು ಮುಗಿದುಹೋಗುವುದು ಕಿರಿಕಿರಿಯೇ, ಆದರೂ ಸೋರಿಹೋದ ಶಾಶ್ವತ ಕೀಯನ್ನು ಹುಡುಕಿಕೊಂಡು ಹೋಗುವುದಕ್ಕಿಂತ ವಾಸಿ.

ಜೋಡಿಸಿದ ಕೂಡಲೇ ‘ಎಸ್‌ಟಿಎಸ್ ಗೆಟ್-ಕಾಲರ್-ಐಡೆಂಟಿಟಿ’ (ಈಗ ಯಾರ ಗುರುತಿನಲ್ಲಿ ಕೆಲಸ ನಡೆಯುತ್ತಿದೆ ಎಂದು ತೋರಿಸುವ ಕಮಾಂಡ್) ಚಲಾಯಿಸಲು ಏಜೆಂಟ್‌ಗೆ ಹೇಳಿ, ಉತ್ತರದಲ್ಲಿ ಬರುವ 12 ಅಂಕಿಗಳ ಖಾತೆ ಸಂಖ್ಯೆಯನ್ನೂ ರೋಲ್ ಹೆಸರನ್ನೂ ನೀವೇ ಓದಿ ಖಚಿತಪಡಿಸಿಕೊಳ್ಳಿ. ಸಹಾಯ ಕೇಳುವಾಗ ಕೀ ಕಾಣುವ ಸ್ಕ್ರೀನ್‌ಶಾಟನ್ನು ದಯವಿಟ್ಟು ಗುಂಪಿಗೆ ಹಾಕಬೇಡಿ.