ಆ ಹಿತ್ತಾಳೆ ಫಲಕದ ವಾರಸುದಾರರು ಯಾರು? ಬ್ರಿಟನ್ನಿನ ಸಂಸ್ಕೃತಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ದಕ್ಷಿಣ ಯಾರ್ಕ್‌ಶೈರಿನ ಹಳೆಯ ಗಣಿ ಊರೊಂದರಲ್ಲಿ ನೆಲೆಸಿರುವ ಕನ್ನಡಿಗ, ಇಲ್ಲಿಯ ಮತದಾರ. ಹುಟ್ಟಿ ಬೆಳೆದದ್ದು ಕೋಲಾರದ ಕೆಜಿಎಫ್‌ನಲ್ಲಿ. ಇದರ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ನಮ್ಮವರೂ ಓದಲಿ ಎಂದು ಕನ್ನಡದಲ್ಲೂ ಬರೆಯುತ್ತಿದ್ದೇನೆ.

ಇಲ್ಲಿಯ ನಮ್ಮೂರಿನ ಗಣಿ ಕಾರ್ಮಿಕರ ಕ್ಲಬ್ಬಿನಲ್ಲಿ, ಒಳಬಾಗಿಲ ಪಕ್ಕ ಒಂದು ಹಿತ್ತಾಳೆ ಫಲಕವಿತ್ತು. ಮೊದಲ ಮಹಾಯುದ್ಧಕ್ಕೆ ಹೋಗಿ ಹಿಂದಿರುಗದ ಕಲ್ಲಿದ್ದಲು ಗಣಿಯ ಹುಡುಗರ ಹೆಸರುಗಳು. ವರ್ಷಗಟ್ಟಲೆ ಉಜ್ಜಿ ಉಜ್ಜಿ ಅಕ್ಷರ ಸವೆದು, ಕೆಲವನ್ನು ಬೆರಳಾಡಿಸಿಯೇ ಓದಬೇಕಿತ್ತು. ಗಣಿ ಮುಚ್ಚಿದಾಗ ಯಾರೋ ಪುಣ್ಯಾತ್ಮರು ಅದನ್ನು ಅಲ್ಲಿಯ ಕಚೇರಿಯಿಂದ ಬಿಚ್ಚಿ ತಂದಿದ್ದರಂತೆ. ಆಮೇಲೆ ಕ್ಲಬ್ಬೂ ಮಾರಾಟವಾಯಿತು. ಹೋದ ಚಳಿಗಾಲದಲ್ಲಿ ಕಿಟಕಿಯಿಂದ ಇಣುಕಿದೆ. ಗೋಡೆಯಲ್ಲಿ ನಾಲ್ಕು ಸ್ಕ್ರೂ ತೂತು, ನಡುವೆ ಬಣ್ಣ ಮಾಸದ ಒಂದು ಚೌಕ. ಕೊಂಡವರನ್ನು ಕೇಳಿದರೆ ಅಂಥದ್ದೇನೂ ಇರಲಿಲ್ಲ ಅಂದರು. ಗುಜರಿಗೆ ಹೋಯಿತೋ, ಯಾರ ಅಟ್ಟದಲ್ಲಿದೆಯೋ.

ಯುದ್ಧದ ಮೊದಲ ವರ್ಷದಲ್ಲೇ ಸುಮಾರು 2.5 ಲಕ್ಷ ಗಣಿ ಕಾರ್ಮಿಕರು ಸೇನೆ ಸೇರಿದರು. ಎಷ್ಟೋ ಮಂದಿಗೆ ಅಲ್ಲಿಯೂ ನೆಲ ಅಗೆಯುವ ಕೆಲಸವೇ. ಪಕ್ಕದ ಮೆಕ್ಸ್‌ಬರೊದ ಗಣಿಗಾರ ವಿಲಿಯಂ ಹ್ಯಾಕೆಟ್, ಗಾಯಗೊಂಡ ಜೊತೆಗಾರನನ್ನು ಬಿಟ್ಟು ಬರಲು ಒಪ್ಪದೆ 1916ರ ಜೂನಿನಲ್ಲಿ ಫ್ರಾನ್ಸಿನ ಸುರಂಗದಲ್ಲೇ ಸಮಾಧಿಯಾದರು. ಅವರಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. 2010ರಲ್ಲಿ ಅಲ್ಲೊಂದು ಸ್ಮಾರಕವೂ ಎದ್ದಿತು. ಉಳಿದವರಿಗೆ? ಚರ್ಚಿನ ಕಲ್ಲಿನಲ್ಲೂ ಹೆಸರು ಇರಬಹುದು, ಒಪ್ಪುತ್ತೇನೆ. ಆದರೆ ಒಂದೇ ಶಾಫ್ಟಿನಲ್ಲಿ ಜೊತೆಗಿಳಿದವರು ಜೊತೆಯಾಗಿ ಉಳಿದದ್ದು ಗಣಿಯ ಫಲಕದಲ್ಲಿ ಮಾತ್ರ.

1947ರಲ್ಲಿ ಗಣಿಗಳು ರಾಷ್ಟ್ರೀಕರಣವಾದವು. 1984-85ರ ಮುಷ್ಕರದ ನಂತರ ಒಂದರ ಹಿಂದೊಂದು ಮುಚ್ಚಿದವು. 2015ರ ಡಿಸೆಂಬರಿನಲ್ಲಿ ಕೊನೆಯದಾದ ಕೆಲಿಂಗ್ಲಿ ಗಣಿಯೂ ಮುಚ್ಚಿ ಆಳದ ಕಲ್ಲಿದ್ದಲು ಗಣಿಗಳ ಕಥೆಯೇ ಮುಗಿಯಿತು. ಯಂತ್ರ, ಕಬ್ಬಿಣ, ಜಮೀನು ಎಲ್ಲಕ್ಕೂ ಲೆಕ್ಕವಿತ್ತು. ಗೋಡೆಯ ಮೇಲಿನ ಹೆಸರುಗಳನ್ನು ಯಾರ ವಶಕ್ಕೆ ಒಪ್ಪಿಸಿದರು?

ಕಾನೂನು ಇದೆ. 1923ರ ಯುದ್ಧ ಸ್ಮಾರಕ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳು ತಮ್ಮ ಒಡೆತನದಲ್ಲಿಲ್ಲದ ಸ್ಮಾರಕದ ರಕ್ಷಣೆಗೂ ಹಣ ಖರ್ಚು ಮಾಡಬಹುದು. ಈ 'ಬಹುದು' ಎಂಬುದೇ ಸಂಕಟ. ನಮ್ಮ ಕಡೆ ಸರ್ಕಾರಿ ಕಾಗದಗಳಲ್ಲಿ ಇನ್ನೊಂದು ಪದವಿದೆ: 'ಮಾಡತಕ್ಕದ್ದು'. ಮುಚ್ಚಿದ ಗಣಿಗಳ ಫಲಕಗಳ ಮಟ್ಟಿಗಾದರೂ ಆ ಪದವನ್ನು ತನ್ನಿ. ಕಟ್ಟಡ ಮಾರುವ ಮುನ್ನ ಒಳಗಿನ ಫಲಕವನ್ನು ಕೌನ್ಸಿಲಿಗೆ ಒಪ್ಪಿಸತಕ್ಕದ್ದು ಎಂದಾಗಲಿ. ಇಂಪೀರಿಯಲ್ ವಾರ್ ಮ್ಯೂಸಿಯಂ ಸ್ಮಾರಕಗಳ ಪಟ್ಟಿ ಇಟ್ಟಿದೆ, ದೊಡ್ಡ ಕೆಲಸವೇ. ಆದರೆ ಸ್ಕ್ರೂ ಬಿಚ್ಚುವವರ ಕೈಯನ್ನು ಪಟ್ಟಿ ಹಿಡಿಯಲಾರದು.

ಇದೆಲ್ಲ ನಿನಗೇಕೆ ಎನ್ನಬಹುದು. 2001ರ ಫೆಬ್ರವರಿ 28ರಂದು ನಮ್ಮ ಚಿನ್ನದ ಗಣಿಗೂ ಬೀಗ ಬಿತ್ತು. ಅಪ್ಪನ ಟೋಕನ್ ಬಿಲ್ಲೆ ಇಂದಿಗೂ ಅಮ್ಮನ ಪೆಟ್ಟಿಗೆಯಲ್ಲಿದೆ. ಅವರು ಆ ನೆಲದ ಕೆಳಗೆ ದುಡಿದಿದ್ದರು ಎನ್ನುವುದಕ್ಕೆ ಮನೆಯಲ್ಲಿ ಉಳಿದಿರುವುದು ಅದೊಂದೇ.

ಫಲಕದ ಫೋಟೋ ಒಂದು ನನ್ನ ಫೋನಿನಲ್ಲಿತ್ತು, ಲಗತ್ತಿಸಿದ್ದೇನೆ. ಬಲ ಮೂಲೆಯ ಮೂರು ಹೆಸರು ಫ್ಲ್ಯಾಷ್ ಬೆಳಕಿನಲ್ಲಿ ಕಾಣಿಸುತ್ತಿಲ್ಲ. ಮೊದಲ ಮಹಾಯುದ್ಧ ನಿಂತ ದಿನವಾದ ನವೆಂಬರ್ 11ರೊಳಗೆ ಆ ಮೂವರು ಯಾರೆಂದು ಹುಡುಕಿಸಿಕೊಡಿ.

ಇಂತಿ,
ನಿಮ್ಮ ಮತದಾರ