ನಡಾವಳಿ ಪುಸ್ತಕದಲ್ಲಿ ನನ್ನ ಸಹಿಯೂ ಇದೆ

ಮಾನ್ಯ ಸಂಪಾದಕರೇ,

ಕಳೆದ ವಾರ ಇದೇ ಅಂಕಣದಲ್ಲಿ ನನ್ನದೇ ಮತದ ಓದುಗರೊಬ್ಬರು ಸಲಿಂಗಿಗಳ ಕುರಿತು ಬರೆದ ಪತ್ರವನ್ನು ಎರಡು ಸಲ ಓದಿದೆ. ಪಾಪವನ್ನು ಸಹಿಸುವುದೂ ಪಾಪವೇ, ಈ ವಿಷಯದಲ್ಲಿ ಕ್ರೈಸ್ತರಿಂದ ಸಹಿಷ್ಣುತೆಯನ್ನು ಯಾರೂ ನಿರೀಕ್ಷಿಸಬಾರದು ಎಂಬುದು ಅದರ ಸಾರ. ಕ್ರೈಸ್ತರೆಲ್ಲರ ಪರವಾಗಿ ಮಾತನಾಡುವ ವಕಾಲತ್ತನ್ನು ಅವರಿಗೆ ಯಾರು ಬರೆದುಕೊಟ್ಟರೋ ತಿಳಿಯದು. ನಾನಂತೂ ಕೊಟ್ಟಿಲ್ಲ. ಬಳ್ಳಾರಿಯ ಪ್ರೌಢಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಇಲ್ಲಿನ ಪ್ರಾಟೆಸ್ಟೆಂಟ್ ಸಭೆಯೊಂದರ, ಅಂದರೆ ಚರ್ಚಿನ, ಹಿರಿಯರ ಸಮಿತಿಯಲ್ಲಿ ಎರಡು ಅವಧಿ ಕುಳಿತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಮದುವೆ ಎಂಬುದು ಗಂಡು ಹೆಣ್ಣಿನ ನಡುವಿನದು ಎಂಬ ಸಭೆಯ ಬೋಧನೆಯನ್ನು ನಾನು ಬಿಟ್ಟಿಲ್ಲ. ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮೊಮ್ಮಗಳಿಗೆ ಇದು ಸರಿಬರುವುದಿಲ್ಲ, ಊಟದ ಹೊತ್ತಿನಲ್ಲಿ ಜಗಳವಾಗುತ್ತದೆ. ಆದರೆ ಸಹಿಷ್ಣುತೆ ಎಂಬ ಮಾತಿನೊಳಗೆ ಸಹಿಸು ಎಂಬ ಅರ್ಥದ ಧಾತು ಇದೆಯಲ್ಲ, ಅದನ್ನು ಪತ್ರ ಬರೆದವರು ಗಮನಿಸಲಿಲ್ಲ. ಮಾವಿನ ಹಣ್ಣನ್ನು ಯಾರೂ ಸಹಿಸಿಕೊಳ್ಳುವುದಿಲ್ಲ. ಸಹಿಸಿಕೊಳ್ಳುವುದು ಬಳ್ಳಾರಿಯ ಬಿಸಿಲನ್ನು. ನಮಗೆ ಒಪ್ಪಿಗೆಯಾದದ್ದರ ಮುಂದೆ ಸಹಿಷ್ಣುತೆಗೆ ಕೆಲಸವೇ ಇಲ್ಲ. ಒಪ್ಪದವರಿಂದ ಮಾತ್ರ ಅದನ್ನು ಕೇಳಲು ಸಾಧ್ಯ. ಅಂದರೆ ಅವರಿಂದ, ನನ್ನಿಂದ.

ನನಗೆ ಇದು ತಡವಾಗಿ ತಿಳಿಯಿತು. 2017ರಲ್ಲಿ, ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದ ದಿನಗಳಲ್ಲಿ, ನಮ್ಮ ಸಭೆಯ ಒಬ್ಬ ಹುಡುಗನ ಮೊಬೈಲನ್ನು ಯಾರೋ ತೆರೆದು ನೋಡಿದರು. ಅವನು ಗಾಯನ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ನನ್ನ ವಿದ್ಯಾರ್ಥಿಯೂ ಆಗಿದ್ದವನು. ಷಟ್ಪದಿಗೆ ಪ್ರಸ್ತಾರ ಹಾಕುವಾಗ ಬೆರಳಿನಿಂದ ಮೇಜಿನ ಮೇಲೆ ಮಾತ್ರೆ ಎಣಿಸುತ್ತಿದ್ದ. ಮೊಬೈಲಿನಲ್ಲಿ ಇನ್ನೊಬ್ಬ ಯುವಕನಿಗೆ ಬರೆದ ಸಂದೇಶಗಳಿದ್ದವು. ಹೊರ ಊರಿನಿಂದ ಒಬ್ಬ ಬೋಧಕರನ್ನು ಕರೆಸಿದರು. ಮೂರು ಶುಕ್ರವಾರ ಆ ಹುಡುಗನನ್ನು ಉಪವಾಸ ಕೂರಿಸಿ, ತಲೆಯ ಮೇಲೆ ಕೈಯಿಟ್ಟು, ದುರಾತ್ಮವನ್ನು ಬಿಡಿಸುವ ಪ್ರಾರ್ಥನೆ ನಡೆಯಿತು. ಮೂರನೆಯ ಶುಕ್ರವಾರ ಅವನು ಕುಸಿದು ಬಿದ್ದ. ಆತ್ಮ ಬಿಟ್ಟುಹೋಯಿತು ಎಂದರು ಬೋಧಕರು. ಮಾರ್ಚ್ ತಿಂಗಳ ಬಳ್ಳಾರಿಯಲ್ಲಿ ಬೆಳಗಿನಿಂದ ನೀರಿಲ್ಲದೆ ಕೂತವರು ಯಾರಾದರೂ ಬೀಳುತ್ತಾರೆ.

ಆಮೇಲೆ ಸಮಿತಿ ಸೇರಿತು. ಒಬ್ಬ ಸದಸ್ಯರು, ವೃತ್ತಿಯಿಂದ ವಕೀಲರು, ‘377 ಇದೆ, ಪೊಲೀಸರಿಗೆ ಒಪ್ಪಿಸಬಹುದು, ಜೀವಾವಧಿಯವರೆಗೂ ಶಿಕ್ಷೆ ಇದೆ’ ಎಂದು ಹುಡುಗನ ತಾಯಿಯ ಎದುರಿಗೇ ಹೇಳಿದರು. 377 ಎಂದರೆ ಸಲಿಂಗ ಸಂಬಂಧವನ್ನು ಆಗ ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ ಕಲಮು. ಆ ತಾಯಿ ವಿಧವೆ. ಕೊನೆಗೆ ಪೊಲೀಸರ ಮಾತು ಬಿಟ್ಟು, ಅವನನ್ನು ಗಾಯನ ತಂಡದಿಂದಲೂ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭು ಭೋಜನದಿಂದಲೂ ದೂರವಿಡತಕ್ಕದ್ದು ಎಂದು ನಿರ್ಣಯ ಬರೆದರು. ‘ದಯೆ ತೋರಿಸಿದ್ದೇವೆ’ ಎಂದರು. ನಾನು ಸಹಿ ಮಾಡಿದೆ. ಆ ವಾರವೇ ಹುಡುಗ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದವನು ಇವತ್ತಿಗೂ ನಮ್ಮ ಚರ್ಚಿನ ಮೆಟ್ಟಿಲು ತುಳಿದಿಲ್ಲ.

ಅದೇ ಕೂಟದ ಮುಂದಿನ ವಿಷಯವನ್ನೂ ಬರೆಯಬೇಕು. ಚರ್ಚಿನ ನೆಲಕ್ಕೆ ಗ್ರಾನೈಟ್ ಹಾಸಿಕೊಟ್ಟ ದಾನಿಯೊಬ್ಬರಿಗೆ ಕೃತಜ್ಞತೆ ಸಲ್ಲಿಸುವುದು. ಅವರ ದುಡ್ಡು ಅದಿರಿನ ಲಾರಿಗಳಿಂದ ಬಂದದ್ದು. ಬಳ್ಳಾರಿಯಲ್ಲಿ ಅದಿರಿನ ಲಾರಿಗಳು ಹೇಗೆ ಓಡಿದವು ಎಂಬುದಕ್ಕೆ 2011ರ ಲೋಕಾಯುಕ್ತ ವರದಿ ಇದೆ, ನಾನು ಹೊಸದಾಗಿ ಹೇಳಬೇಕಾದದ್ದಿಲ್ಲ. ಚಪ್ಪಾಳೆ ತಟ್ಟಿದೆವು. ತಟ್ಟಿದವರಲ್ಲಿ ಸೊಸೆಯ ತವರಿನಿಂದ ಹತ್ತು ತೊಲ ಬಂಗಾರ ಎಣಿಸಿಕೊಂಡವರಿದ್ದರು, ಮೀಟರ್ ಬಡ್ಡಿಗೆ ಸಾಲ ಕೊಡುವವರೂ ಇದ್ದರು.

ಸಲಿಂಗಿಗಳ ವಿರುದ್ಧ ನಮ್ಮವರು ತಪ್ಪದೆ ತೆರೆಯುವ ವಾಕ್ಯ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಆರನೆಯ ಅಧ್ಯಾಯದ್ದು. ನಮ್ಮ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲಿನಲ್ಲಿ, ಪುರುಷಗಾಮಿಗಳು ಎಂಬ ಪದ ಅಲ್ಲಿದೆ, ಇಲ್ಲವೆನ್ನುವುದಿಲ್ಲ. ಅದರ ಹಿಂದಿರುವ ಗ್ರೀಕ್ ಪದದ ಅರ್ಥವೇನೆಂದು ಪಂಡಿತರ ನಡುವೆ ಇನ್ನೂ ವಾದ ಮುಗಿದಿಲ್ಲ. ಆ ವಾದವನ್ನು ಅವರಿಗೇ ಬಿಡುತ್ತೇನೆ. ಆದರೆ ಅದೇ ಪಟ್ಟಿ ಅಲ್ಲಿಗೆ ನಿಲ್ಲುವುದಿಲ್ಲ. ಕಳ್ಳರು, ಲೋಭಿಗಳು, ಕುಡುಕರು, ಬೈಯುವವರು, ಸುಲಿಗೆ ಮಾಡುವವರು ಎಂದು ಮುಂದುವರಿಯುತ್ತದೆ. ಮೂವತ್ತೊಂದು ವರ್ಷ ಉತ್ತರ ಪತ್ರಿಕೆ ತಿದ್ದಿದವಳಿಗೆ ಇಷ್ಟಾದರೂ ಗೊತ್ತು: ಒಂದೇ ತಪ್ಪಿಗೆ ಎಲ್ಲ ಅಂಕ ಕಳೆದು, ಉಳಿದ ತಪ್ಪುಗಳ ಮೇಲೆ ಸರಿ ಗುರುತು ಹಾಕಿದರೆ ಅದು ಮೌಲ್ಯಮಾಪನವಲ್ಲ, ಪಕ್ಷಪಾತ. ದೇವರ ಕೋಪಕ್ಕೆ ಸುಟ್ಟುಹೋಯಿತೆಂದು ಬೈಬಲ್ ಹೇಳುವ ಸೊದೋಮ್ ಪಟ್ಟಣದ ಹೆಸರನ್ನೂ ಇದೇ ರೀತಿ ಬಳಸುತ್ತೇವೆ. ಯೆಹೆಜ್ಕೇಲನ ಗ್ರಂಥದ ಹದಿನಾರನೆಯ ಅಧ್ಯಾಯ, ನಲವತ್ತೊಂಬತ್ತನೆಯ ವಚನ ಬಿಡಿಸಿ ನೋಡಿ. ಸೊದೋಮಿನ ಅಪರಾಧವೆಂದು ಪ್ರವಾದಿ ಹೇಳುವುದು ಗರ್ವ, ಹೊಟ್ಟೆ ತುಂಬಿದ ನಿಶ್ಚಿಂತೆ, ಬಡವರಿಗೆ ಕೈ ಕೊಡದಿರುವುದು. ಗ್ರಾನೈಟ್ ನೆಲದ ಮೇಲೆ ನಿಂತು ಈ ವಚನ ಓದಿದವರನ್ನು ನಾನು ಇನ್ನೂ ಕಂಡಿಲ್ಲ.

377ನ್ನು ಸತ್ಯವೇದದ ಒಂದು ಅಧ್ಯಾಯವೆಂಬಂತೆ ಆ ವಕೀಲರು ಹೇಳಿದ್ದರು. ಬಳ್ಳಾರಿಯವರಾದರೂ ಇವೆರಡನ್ನು ಬೇರೆಬೇರೆಯಾಗಿ ನೋಡಬೇಕು. 1810ರಲ್ಲಿ ಈ ಊರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದರು. (ಆ ಕೊರಿಂಥದ ಪಟ್ಟಿಗೆ ಕನ್ನಡ ಪದ ಹುಡುಕುವಾಗ ಅವರು ನಮ್ಮೂರಿನ ಯಾವ ಪಂಡಿತರನ್ನು ಕೇಳಿದರೋ ಎಂದು ನನಗೆ ಎಷ್ಟೋ ಸಲ ಕುತೂಹಲವಾಗಿದೆ.) 377 ಬಂದದ್ದು 1860ರ ದಂಡ ಸಂಹಿತೆಯಲ್ಲಿ, ಬ್ರಿಟಿಷ್ ಸರಕಾರದಿಂದ. ಆ ಬ್ರಿಟಿಷರೇ 1967ರಲ್ಲಿ ಇಂಗ್ಲೆಂಡಿನಲ್ಲಿ ವಯಸ್ಕ ಗಂಡಸರ ಖಾಸಗಿ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದರು. ಆಗ ಅದನ್ನು ಬೆಂಬಲಿಸಿದವರಲ್ಲಿ ಅಲ್ಲಿನ ಆಂಗ್ಲಿಕನ್ ಸಭೆಯ ಅತ್ಯುನ್ನತ ಧರ್ಮಗುರು, ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಮೈಕೆಲ್ ರ‍್ಯಾಮ್ಸೆ ಅವರೂ ಇದ್ದರು. ಅವರು ಅದನ್ನು ಪಾಪವಲ್ಲ ಎಂದು ಹೇಳಲಿಲ್ಲ. ಪಾಪಗಳನ್ನೆಲ್ಲ ಪೊಲೀಸರಿಗೆ ವಹಿಸುವಂತಿಲ್ಲ ಎಂದರು. ಕೊಟ್ಟವರು ಮರಳಿ ತೆಗೆದುಕೊಂಡ ಮೇಲೂ ನಾವು ಐವತ್ತು ವರ್ಷ ಅದನ್ನು ಜೋಪಾನವಾಗಿ ಇಟ್ಟುಕೊಂಡೆವು.

ಅಷ್ಟೇ ಅಲ್ಲ, ಅದನ್ನು ಉಳಿಸಿಕೊಳ್ಳಲು ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಕ್ರೈಸ್ತ ಸಂಘಟನೆಗಳೂ ಇದ್ದವು. ಆದರೆ 2013ರ ಡಿಸೆಂಬರಿನಲ್ಲಿ ಕೋರ್ಟು 377ನ್ನು ಎತ್ತಿಹಿಡಿದಾಗ ಮುಂಬಯಿಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್, ಸಲಿಂಗ ವಿವಾಹಕ್ಕೆ ನಮ್ಮ ವಿರೋಧವಿದೆ, ಆದರೆ ಸಲಿಂಗಿಗಳನ್ನು ಕಥೋಲಿಕ ಸಭೆ ಅಪರಾಧಿಗಳೆಂದು ಕಂಡಿಲ್ಲ ಎಂದರು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ವಯಸ್ಕರ ಒಪ್ಪಿಗೆಯ ಸಂಬಂಧವನ್ನು ಅಪರಾಧವೆನ್ನುವ ಭಾಗವನ್ನು 377ರಿಂದ ಒಮ್ಮತದಿಂದ ತೆಗೆದುಹಾಕಿತು. ಈ ಜನರಿಗೂ ಅವರ ಕುಟುಂಬಗಳಿಗೂ ಇತಿಹಾಸ ಕ್ಷಮೆ ಕೇಳಬೇಕು ಎಂಬರ್ಥದ ಮಾತನ್ನು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅದರಲ್ಲಿ ಬರೆದರು. ಕುಟುಂಬಗಳಿಗೂ ಎಂಬುದನ್ನು ಓದಿದಾಗ ನನಗೆ ಆ ವಿಧವೆ ತಾಯಿ ನೆನಪಾದರು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ರಂಥ ಕಲಮೇ ಇಲ್ಲ.

ಪತ್ರ ಬರೆದವರು 1998ರ ಲ್ಯಾಂಬೆತ್ ಸಮ್ಮೇಳನದ ನಿರ್ಣಯವನ್ನು ಆಧಾರವಾಗಿ ಕೊಟ್ಟಿದ್ದಾರೆ. ಆಂಗ್ಲಿಕನ್ ಬಿಷಪ್ಪರು ಅಲ್ಲಿ ಸಲಿಂಗ ಸಂಬಂಧ ಧರ್ಮಗ್ರಂಥಕ್ಕೆ ಹೊಂದುವುದಿಲ್ಲ ಎಂದದ್ದು ನಿಜ. ಅದೇ ನಿರ್ಣಯದಲ್ಲಿ ಸಲಿಂಗಿಗಳ ಅನುಭವಕ್ಕೆ ಕಿವಿಗೊಡುತ್ತೇವೆ, ನಂಬಿಕೆಯುಳ್ಳ ಅವರೂ ಕ್ರಿಸ್ತನ ದೇಹದ ಪೂರ್ಣ ಅಂಗಗಳು, ಅವರ ಬಗೆಗಿನ ವಿವೇಕವಿಲ್ಲದ ಭಯವನ್ನು ಖಂಡಿಸುತ್ತೇವೆ ಎಂದೂ ಇದೆ. ಅರ್ಧ ಓದಿ ಪುಸ್ತಕ ಮುಚ್ಚುವ ವಿದ್ಯಾರ್ಥಿಗಳನ್ನು ನಾನು ಬಹಳ ಕಂಡಿದ್ದೇನೆ. ಪೋಪ್ ಫ್ರಾನ್ಸಿಸ್ 2023ರ ಜನವರಿಯಲ್ಲಿ ಇದನ್ನೇ ಇನ್ನೂ ನೇರವಾಗಿ ಹೇಳಿದ್ದರು: ಸಲಿಂಗಿಯಾಗಿರುವುದು ಅಪರಾಧವಲ್ಲ, ಪಾಪವಲ್ಲವೇ ಎಂದರೆ, ಮೊದಲು ಪಾಪವನ್ನೂ ಅಪರಾಧವನ್ನೂ ಬೇರ್ಪಡಿಸಿ ನೋಡೋಣ, ಒಬ್ಬರ ಮೇಲೊಬ್ಬರಿಗೆ ಪ್ರೀತಿಯಿಲ್ಲದಿರುವುದೂ ಪಾಪವೇ.

ನಾಳೆ ನಮ್ಮ ಸಭಾಪಾಲಕರು ಇಬ್ಬರು ಗಂಡಸರಿಗೆ ಮದುವೆ ಮಾಡಿಸಬೇಕಾದೀತು ಎಂಬ ಆ ಪತ್ರ ಬರೆದವರ ಭಯಕ್ಕೆ ಆಧಾರವಿಲ್ಲ. ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ನಿರಾಕರಿಸಿದೆ. ಯಾರೂ ನಮ್ಮ ಬಲಿಪೀಠವನ್ನು ಕೇಳಿಕೊಂಡು ಬಂದಿಲ್ಲ. ಆ ಹುಡುಗ ಕೇಳಿದ್ದು ಕೀಬೋರ್ಡಿನ ಮುಂದಿನ ಸ್ಟೂಲನ್ನು.

ಇನ್ನೊಂದು ಮಾತು ನಮ್ಮವರಿಗೆ ಕಹಿಯಾದೀತು. 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂದಾಗ ನಾವು ಏನು ಹೇಳಿದೆವು? ನಮ್ಮ ಮನೆಯೊಳಗಿನ ಪ್ರಾರ್ಥನೆಗೆ ಪೊಲೀಸರು ಯಾಕೆ, ನಮ್ಮ ಆತ್ಮಸಾಕ್ಷಿ ನಮ್ಮದು, ಸಂಖ್ಯೆ ಕಡಿಮೆ ಎಂದು ನಮ್ಮನ್ನು ಹೆದರಿಸಬೇಡಿ. ಬಹುಸಂಖ್ಯಾತರು ನಮ್ಮ ನಂಬಿಕೆಯನ್ನು ಒಪ್ಪಬೇಕು ಎಂದು ಕೇಳಲಿಲ್ಲ, ಸಹಿಸಿ ಎಂದೆವು. ಆಗ ಉಪವಾಸ ಕೂತು ಇದನ್ನು ಹೇಳಿದವರಲ್ಲಿ ನಾನೂ ಇದ್ದೆ, ಆ ವಕೀಲರೂ ಇದ್ದರು. ಅವರ ಮಗ್ಗುಲಲ್ಲಿ ಕೂತಾಗ 2017ರ ಆ ಸಂಜೆ ನೆನಪಾಗಿ ನನಗೆ ಬಾಯಿ ಒಣಗಿತು.

ಇದೆಲ್ಲ ಪರದೇಶದ ರೋಗ ಎಂದೂ ಪತ್ರ ಬರೆದವರು ಹೇಳಿದ್ದಾರೆ. ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋಗುವ ರಸ್ತೆಯಲ್ಲಿ, ಗಂಡಾಗಿ ಹುಟ್ಟಿ ದೇವಿಗೆ ಒಪ್ಪಿಸಿಕೊಂಡು ಸೀರೆಯುಟ್ಟು ಬದುಕುವ ಜೋಗಪ್ಪಗಳನ್ನು ನೋಡದ ಕೊಪ್ಪಳದವರು ಯಾರಿದ್ದಾರೆ? ಜೋಗಪ್ಪಗಳ ಬದುಕು ಬೇರೆ, ಸಲಿಂಗಿಗಳದು ಬೇರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬುವುದು ತಪ್ಪು. ಆದರೆ ಎಲ್ಲರೂ ಒಂದೇ ಅಚ್ಚಿನವರಲ್ಲ ಎಂಬುದು ಈ ನೆಲಕ್ಕೆ ಹಡಗಿನಲ್ಲಿ ಬಂದ ಸುದ್ದಿಯಲ್ಲ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವ ಜಾನಪದ ಕಲಾವಿದೆ, ನಮ್ಮ ಕಲ್ಲುಕಂಬದ ಮಂಜಮ್ಮ ಜೋಗತಿ 2021ರಲ್ಲಿ ಪದ್ಮಶ್ರೀ ಪಡೆದುದನ್ನು ನಮ್ಮ ಸ್ತ್ರೀಯರ ಕೂಟದವರು ಮೊಬೈಲಿನಲ್ಲಿ ನೋಡಿ ಸಂಭ್ರಮಪಟ್ಟರು. ಇನ್ನು ರೋಗದ ಮಾತು: ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಪ್ರವೃತ್ತಿಯನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ಅದನ್ನು ‘ಗುಣಪಡಿಸಲು’ ಹೊರಡುವ ವೈದ್ಯರದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಉಪವಾಸ ಕೂರಿಸುವ ಬೋಧಕರಿಗೆ ಅಂಥ ಆಯೋಗ ಯಾವುದೂ ಇಲ್ಲ.

ಹುಡುಗನ ತಾಯಿ ಈಗಲೂ ಆರಾಧನೆಗೆ ಬರುತ್ತಾರೆ. ಕೊನೆಯ ಬೆಂಚು, ಆಶೀರ್ವಾದ ಮುಗಿಯುವುದರೊಳಗೆ ಎದ್ದು ಹೋಗುತ್ತಾರೆ. ಕಳೆದ ತಿಂಗಳು ನಾನೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಕುಡಿಯಲು ನೀರು ಕೊಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಟೀಚರಮ್ಮ, ಕ್ರಿಸ್ಮಸ್ಸಿಗೆ ಮಗ ಬರುತ್ತೇನೆ ಅನ್ನುತ್ತಿದ್ದಾನೆ. ಚರ್ಚಿಗೆ ಕರೆದುಕೊಂಡು ಬರಲೇ, ಬೇಡವೇ?’ ಎಂದು ಕೇಳಿದರು. ನನಗೆ ಉತ್ತರ ಕೊಡುವ ಅಧಿಕಾರವಿರಲಿಲ್ಲ.

ಆದ್ದರಿಂದ 2017ರ ಆ ನಿರ್ಣಯವನ್ನು ರದ್ದುಪಡಿಸಬೇಕೆಂದು ಸಮಿತಿಗೆ ಲಿಖಿತವಾಗಿ ಕೊಟ್ಟಿದ್ದೇನೆ. ಕಾರ್ಯದರ್ಶಿಯವರು ಅರ್ಜಿಯನ್ನು ಮೂರು ಸಲ ಮಡಚಿ ಜೇಬಿನಲ್ಲಿಟ್ಟುಕೊಂಡು, ಮುಂದಿನ ಕೂಟದಲ್ಲಿ ‘ಇತರ ವಿಷಯಗಳು’ ಎಂಬಲ್ಲಿ ಸೇರಿಸುವುದಾಗಿ ಹೇಳಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಶಿಕ್ಷಕಿ, ಬಳ್ಳಾರಿ

(ಆ ತಾಯಿಯ ಗುರುತು ಸಿಗಬಾರದೆಂಬ ಕಾರಣಕ್ಕೆ ನನ್ನ ಹೆಸರನ್ನು ಪ್ರಕಟಿಸಬೇಡಿ. ಸಮಿತಿಯವರಿಗೆ ಹೇಗೂ ಗೊತ್ತಾಗುತ್ತದೆ.)