ತಲಪಾಡಿಯ ಆಚೆಯಿಂದ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ದಕ್ಷಿಣ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ, ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರಗಳಿಂದ ದಿನವೂ ಮಂಗಳೂರಿಗೆ ಬಂದು ಹೋಗುವವರ ನಮಸ್ಕಾರ.

ಮಾನ್ಯರೇ,

ಕಾಗದದ ಮೇಲೆ ನಮ್ಮ ಜಿಲ್ಲಾ ಕೇಂದ್ರ ಕಾಸರಗೋಡು, ರಾಜಧಾನಿ ತಿರುವನಂತಪುರ. ಸ್ಕ್ಯಾನಿಂಗಿಗೆ, ಮಕ್ಕಳ ಕಾಲೇಜಿಗೆ, ಮದುವೆ ಜವಳಿಗೆ, ವಿಮಾನ ಹತ್ತಲಿಕ್ಕೆ ಮಾತ್ರ ಮಂಗಳೂರೇ. ಕಾಸರಗೋಡಿನಿಂದ ಸುಮಾರು ಐವತ್ತು ಕಿ.ಮೀ., ಮಂಜೇಶ್ವರದಿಂದ ಇಪ್ಪತ್ತರ ಆಸುಪಾಸು. 1956ರ ನವೆಂಬರ್ 1ರಂದು ತಲಪಾಡಿಯಲ್ಲಿ ಕರ್ನಾಟಕ-ಕೇರಳದ ಗಡಿಯ ಗೆರೆ ಬಿತ್ತು. ನಮ್ಮ ಬಸ್ಸಿನ ದಾರಿ ಹಾಗೆಯೇ ಉಳಿಯಿತು. ನಾವು ಮಂಗಳೂರಿನ ಮತದಾರರಲ್ಲ, ಪಾಲಿಕೆಗೆ ಮನೆ ತೆರಿಗೆ ಕಟ್ಟುವವರೂ ಅಲ್ಲ. ಹಾಗಾಗಿ ನಗರದ ಲೆಕ್ಕದಲ್ಲಿ ನಮ್ಮ ತಲೆ ಇಲ್ಲ. ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಮಂಗಳೂರಿನಲ್ಲಿ ಯಾರೆಲ್ಲ ಇರುತ್ತಾರೆ ಎಂದು ಎಣಿಸಿ, ಆಮೇಲೆ ಯೋಜನೆ ಹಾಕಿ ಎಂಬುದೇ ನಮ್ಮ ಬೇಡಿಕೆ.

ಮೊದಲು ಮಳೆಯ ವಿಷಯ. ನಮ್ಮ ಕಡೆಯಿಂದ ನಗರಕ್ಕೆ ಹೆದ್ದಾರಿ ಒಂದೇ: ತಲಪಾಡಿ, ಕೋಟೆಕಾರು, ತೊಕ್ಕೊಟ್ಟು, ನೇತ್ರಾವತಿ ಸೇತುವೆ, ಜೆಪ್ಪಿನಮೊಗರು, ಪಂಪ್‌ವೆಲ್. ಪಂಪ್‌ವೆಲ್‌ನಲ್ಲಿ ನೀರು ನಿಂತರೆ ಕಂಕನಾಡಿಯ ಆಸ್ಪತ್ರೆಗೆ ಹೊರಟ ಆಂಬುಲೆನ್ಸ್ ವಾಹನಗಳ ಸಾಲಿನಲ್ಲೇ ಸಿಕ್ಕಿಬೀಳುತ್ತದೆ. 2020ರ ಜನವರಿ 31ರಂದು ಫ್ಲೈಓವರ್ ತೆರೆಯಿತು ನಿಜ. ಅದು ಉಡುಪಿ ಕಡೆಗೆ ನೇರ ಹೋಗುವವರಿಗೆ. ನಗರದೊಳಗೆ ತಿರುಗುವವರು ಅಡಿಯಲ್ಲೇ ಹೋಗಬೇಕು, ನೀರು ನಿಲ್ಲುವುದೂ ಅಲ್ಲೇ.

ಕಾರಣ ಗುಟ್ಟೇನಲ್ಲ. ಆ ನೀರು ರಾಜಕಾಲುವೆಯಲ್ಲಿ ಹರಿದು ಜೆಪ್ಪಿನಮೊಗರಿನ ಕಡೆ ನೇತ್ರಾವತಿಯನ್ನು ಸೇರಬೇಕು. ಹೊಳೆ ಅಲ್ಲಿ ಸಮುದ್ರಕ್ಕೆ ತೀರ ಹತ್ತಿರ. ಉಬ್ಬರದ ಹೊತ್ತಿಗೆ ಹೊಳೆಯ ನೀರೇ ಏರಿ ಕಾಲುವೆಯ ಬಾಯಿಗೆ ಬಿರಡೆ ಹಾಕಿದ ಹಾಗಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಎಡಬಲದಲ್ಲಿ ಇನ್ನೂ ಜಾಸ್ತಿ. ಅದೇ ಹೊತ್ತಿಗೆ ಮಳೆ ಹೊಡೆದರೆ ನೀರು ಹಿಂದಕ್ಕೇ ಬರಬೇಕು. ಉಬ್ಬರ ದಿನಕ್ಕೆ ಎರಡು ಸಲ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಂದರೆ ಯಾವ ದಿನ ಯಾವ ಗಂಟೆಗೆ ಅಪಾಯ ಎಂದು ಮುಂಚೆಯೇ ಹೇಳಬಹುದು. ಜಿಲ್ಲಾಡಳಿತ ಆರೆಂಜ್ ಅಲರ್ಟ್ ಕೊಡುವಾಗ ಅದರ ಜೊತೆಗೆ ಉಬ್ಬರದ ಸಮಯವನ್ನೂ ಕೊಡಲಿ. ಆಂಬುಲೆನ್ಸ್ ಚಾಲಕರಿಗೆ ಮಳೆಯ ಬಣ್ಣಕ್ಕಿಂತ ಗಡಿಯಾರವೇ ಹೆಚ್ಚು ಉಪಯೋಗ. ದೇರಳಕಟ್ಟೆಯ ಆಸ್ಪತ್ರೆಗಳಿಗಾದರೆ ಸೇತುವೆ ದಾಟದೆ ತೊಕ್ಕೊಟ್ಟಿನಲ್ಲೇ ತಿರುಗಬಹುದಲ್ಲ.

ಇನ್ನು ಹೂಳು. ಕರಾವಳಿಯ ಯಾವ ಪೇಟೆಯಲ್ಲಾದರೂ ಮೇ ತಿಂಗಳಲ್ಲಿ ಜೆಸಿಬಿ ಎತ್ತಿ ಹಾಕಿದ ರಾಶಿಯ ಹತ್ತಿರ ನಿಂತು ನೋಡಿ: ಕಪ್ಪು ಕೆಸರು, ಅದರಲ್ಲಿ ಬೊಂಡದ ಚಿಪ್ಪು, ಹಾಲಿನ ತೊಟ್ಟೆ, ಹಂಚಿನ ಚೂರು, ಒಂಟಿ ಚಪ್ಪಲಿ. ಅದು ಕಾಲುವೆಯ ಕರೆಯಲ್ಲೇ ಉಳಿದರೆ ಮೊದಲ ಜೋರು ಮಳೆಗೆ ಮತ್ತೆ ಒಳಗೇ. ಹಸಿಯಾಗಿರುವಾಗಲೇ ಟಿಪ್ಪರಿಗೆ ತುಂಬಿದರೆ ದಾರಿಯುದ್ದಕ್ಕೂ ಸೋರುತ್ತದೆ. ಎರಡು ಮೂರು ದಿನ ನೀರು ಬಸಿಯಲು ಬಿಟ್ಟು ಆಮೇಲೆ ಸಾಗಿಸಬೇಕು. ಹಾಗಾಗಿ ಕೆಲಸ ಮೇ 20ರೊಳಗೆ ಮುಗಿಯಲೇಬೇಕು. ಎತ್ತಿದ್ದಕ್ಕಲ್ಲ, ಸಾಗಿಸಿದ್ದಕ್ಕೆ ಬಿಲ್ ಎಂದು ಟೆಂಡರಿನಲ್ಲಿ ಒಂದು ಸಾಲು ಸೇರಿಸಿದರೆ ಅರ್ಧ ಸಮಸ್ಯೆ ಕಳೆಯುತ್ತದೆ. 2018ರ ಮೇ 29ರಂದು ನಗರ ಮುಳುಗಿದ್ದು ಮುಂಗಾರು ಪೂರ್ತಿ ಹಿಡಿಯುವ ಮೊದಲೇ ಎಂಬುದು ನೆನಪಿರಲಿ.

ಎರಡನೆಯದು ಬೋರ್ಡು. ರೈಲಿನಲ್ಲಿ ಬರುವ ರೋಗಿ ಮಂಗಳೂರು ಸೆಂಟ್ರಲ್‌ನಲ್ಲಿ ಇಳಿದರೆ ವೆನ್ಲಾಕ್, ಲೇಡಿಗೋಷನ್ ಸರ್ಕಾರಿ ಆಸ್ಪತ್ರೆಗಳಿಗೆ ನಡೆದೇ ಹೋಗಬಹುದು. ಕೊಂಕಣ ದಾರಿಯಲ್ಲಿ ಮುಂದೆ ಹೋಗುವ ರೈಲು ಹತ್ತಿದವರು ಇಳಿಯುವುದು ಪಡೀಲಿನ ಹತ್ತಿರದ ಜಂಕ್ಷನ್‌ನಲ್ಲಿ. ಅಲ್ಲಿಂದ ನಗರದ ನಡುವಿನ ಹಂಪನಕಟ್ಟೆಗೆ ಐದಾರು ಕಿ.ಮೀ. ಇದು ಗೊತ್ತಿಲ್ಲದೆ ಚೀಟಿ ಹಿಡಿದು ಆಟೋದವರ ಬಳಿ ದಾರಿ ಕೇಳುವವರನ್ನು ದಿನವೂ ಕಾಣಬಹುದು. ಎರಡೂ ನಿಲ್ದಾಣಗಳ ಹೊರಗೆ, ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ, ಯಾವ ಆಸ್ಪತ್ರೆಗೆ ಯಾವ ಬಸ್ಸು, ಎಷ್ಟು ದೂರ, ಕಾಸರಗೋಡಿಗೆ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಬರೆದ ಬೋರ್ಡು ಬೇಕು. ಕನ್ನಡದಲ್ಲಿ, ಕೆಳಗೆ ಮಲಯಾಳದಲ್ಲಿ.

ಕಾಸರಗೋಡಿನ ಕನ್ನಡಿಗರು ಮಂಗಳೂರಿನಲ್ಲಿ ಮಲಯಾಳ ಬೋರ್ಡು ಕೇಳುವುದು ವಿಚಿತ್ರ ಅನಿಸಬಹುದು. ಕನ್ನಡದಲ್ಲಿ ಅರ್ಜಿ ಕೊಟ್ಟರೆ ಕನ್ನಡದಲ್ಲೇ ಉತ್ತರ ಕೊಡಬೇಕೆಂದು ಕೇರಳದ 1969ರ ಕಾನೂನಿನಲ್ಲೇ ಇದೆ. ಅದಕ್ಕಾಗಿ ಕಚೇರಿ ಕಚೇರಿ ಅಲೆದವರು ನಾವು. ಓದಲು ಬಾರದ ಲಿಪಿಯ ಮುಂದೆ ನಿಲ್ಲುವುದು ಹೇಗಿರುತ್ತದೆಂದು ನಮಗೆ ಚೆನ್ನಾಗಿ ಗೊತ್ತು. ಕಾಞಂಗಾಡಿನಿಂದ ಬರುವ ಮುದುಕಿಗೆ ಆ ಕಷ್ಟ ಬೇಡ.

ಸಣ್ಣ ಮಾತೊಂದು. ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಹಾಕುವ ಟ್ರಾಲಿಂಗ್ ನಿಷೇಧ ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ, ಕೇರಳದಲ್ಲಿ 52 ದಿನ. ಜುಲೈ 31ಕ್ಕೆ ಎರಡೂ ಮುಗಿಯುತ್ತವೆ. ಬಂಗುಡೆಗೆ ತಲಪಾಡಿ ಎಲ್ಲಿದೆ ಎಂದು ಗೊತ್ತಿಲ್ಲ. ಎರಡು ಸರ್ಕಾರಗಳು ಕೂತು ಒಂದೇ ತಾರೀಕು ಗೊತ್ತು ಮಾಡಬಾರದೇ? ಶಕ್ತಿ ಯೋಜನೆಯ ಉಚಿತ ಟಿಕೆಟ್ ನಮ್ಮ ಹೆಂಗಸರಿಗೆ ಇಲ್ಲ; ಅದು ನಿಮ್ಮ ರಾಜ್ಯದ ತೆರಿಗೆ ಹಣ, ಅದನ್ನು ನಾವು ಕೇಳುವುದೂ ಇಲ್ಲ.

ಆದರೆ ಇದೊಂದನ್ನು ಕೇಳಲೇಬೇಕು. 2020ರ ಮಾರ್ಚಿನಲ್ಲಿ, ಕೋವಿಡ್ ಹೊತ್ತಿಗೆ, ಗಡಿಯ ರಸ್ತೆಗಳಿಗೆ ಮಣ್ಣು ಸುರಿಯಲಾಯಿತು, ರೋಗಿಗಳನ್ನೂ ತಡೆಯಲಾಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಆದೇಶ ಕೊಟ್ಟು, ವಿಷಯ ಸುಪ್ರೀಂ ಕೋರ್ಟಿಗೂ ಹೋದ ಮೇಲೆಯೇ ತುರ್ತು ರೋಗಿಗಳಿಗೆ ದಾರಿ ಬಿಟ್ಟದ್ದು. ಮುಂದೆ ಯಾವ ಕಾರಣಕ್ಕೆ ಗಡಿ ಮುಚ್ಚಿದರೂ ಹೆರಿಗೆ, ಹೃದಯ, ಡಯಾಲಿಸಿಸ್, ಅಪಘಾತದ ವಾಹನಗಳನ್ನು ತಲಪಾಡಿಯಲ್ಲಿ ಯಾರು ತಪಾಸಣೆ ಮಾಡಬೇಕು, ಎಷ್ಟು ನಿಮಿಷದಲ್ಲಿ ಬಿಡಬೇಕು, ತಡೆದರೆ ಯಾವ ಅಧಿಕಾರಿಗೆ ಫೋನ್ ಮಾಡಬೇಕು ಎಂಬುದನ್ನು ಎರಡೂ ಜಿಲ್ಲಾಧಿಕಾರಿಗಳು ಈಗಲೇ ಬರೆದು ಸಹಿ ಹಾಕಲಿ. ಒಂದು ಪುಟ ಸಾಕು. ಅದರ ಪ್ರತಿ ತಲಪಾಡಿಯ ಚೆಕ್‌ಪೋಸ್ಟಿನ ಗೋಡೆಯ ಮೇಲಿರಲಿ.

ಇತಿ,
ತಲಪಾಡಿಯ ಆಚೆಯ ದಿನನಿತ್ಯದ ಪ್ರಯಾಣಿಕರು